ಹುಬ್ಬಳ್ಳಿಯಿಂದ ತಂದ ರ್ಯಾಮ್

ಕೊಟ್ಟೂರು
22 ಜನವರಿ 2026, ಗುರುವಾರ

ಪ್ರೀತಿಯ ತಮ್ಮ ಇಸ್ರಾರನಿಗೆ ನಿನ್ನ ಮುಬೀನಾ ಆಪಾ ಮಾಡುವ ಸಲಾಂ ಮತ್ತು ದುವಾ.

ಹೇಗಿದ್ದೀಯ? ಮೊದಲು ಸೊಂಟದ ವಿಷಯ ಹೇಳು. ತಂಗಿ ಸಲ್ಮಾ ಹಡಗಲಿಯಿಂದ ಫೋನ್ ಮಾಡಿದಾಗ ಎಲ್ಲಾ ಹೇಳಿದಳು. ವಾಸ್ಕೋದಲ್ಲಿ ಯಾರದೋ ಮೂರನೇ ಮಹಡಿಗೆ ಫ್ರಿಜ್ ಹೊರಲು ಹೋಗಿ ಸೊಂಟ ಹಿಡಿದುಕೊಂಡು ನಾಲ್ಕು ದಿನ ಮಲಗಿದ್ದೆಯಂತೆ. ನಿನಗೇನು ಇಪ್ಪತ್ತು ವರ್ಷವೇ? ರಿಪೇರಿ ಮಾಡುವವನು ರಿಪೇರಿ ಮಾಡಬೇಕು, ಹೊರುವವರು ಬೇರೆ ಇರುತ್ತಾರೆ. ಗೋವಾದ ಸಮುದ್ರದ ತೇವಕ್ಕೆ ನೋವು ಬೇಗ ಬಿಡುವುದಿಲ್ಲ. ಎಳ್ಳೆಣ್ಣೆ ಬಿಸಿ ಮಾಡಿ ಎರಡು ಬೆಳ್ಳುಳ್ಳಿ ಎಸಳು ಹಾಕಿ ನಿನ್ನ ಮನೆಯವಳ ಕೈಯಲ್ಲಿ ತಿಕ್ಕಿಸಿಕೊ. ನಾಚಿಕೆ ಪಡಬೇಡ, ಅಮ್ಮಿ ಅಬ್ಬಾಗೆ ತಿಕ್ಕುತ್ತಿದ್ದದ್ದು ನೋಡಿಲ್ಲವೇ. ಮಕ್ಕಳು ಚೆನ್ನಾಗಿ ಓದುತ್ತಿದ್ದಾರಾ? ಚಿಕ್ಕವಳ ಫೋಟೋ ಸಲ್ಮಾ ಕಳಿಸಿದ್ದಳು. ಹಣೆ ಥೇಟ್ ಅಮ್ಮಿಯದೇ. ನನ್ನ ಫೋನಿನಲ್ಲಿ ಆ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ.

ನಾನು ಚೆನ್ನಾಗಿದ್ದೇನೆ. ಶುಗರ್ ಇದ್ದಷ್ಟು ಇದೆ. ಕನ್ನಡಕದ ನಂಬರು ಏರಿದೆ. ನಾಲಗೆ ಮಾತ್ರ ಮೊದಲಿನಷ್ಟೇ ಚೂಪಾಗಿದೆ, ಆದರೆ ಅದಕ್ಕೆ ಕೆಲಸ ಇಲ್ಲ. ಬಯ್ಯಲು ಮನೆಯಲ್ಲಿ ಯಾರಾದರೂ ಬೇಕಲ್ಲ. ಒಂದೊಂದು ದಿನ ಅಂಗಡಿಯ ಬಾಗಿಲು ತೆಗೆದು, ಆನ್‌ಲೈನ್ ಅರ್ಜಿ ಹಾಕಲು ಸರ್ವರ್ ಬರಲಿ ಅಂತ ಲ್ಯಾಪ್‌ಟಾಪ್ ಮುಂದೆ ಕೂತು, ಸರ್ವರ್ ಬರದೆ ಬಾಗಿಲು ಎಳೆದು ಮನೆಗೆ ಬಂದ ಮೇಲೆ ನೆನಪಾಗುತ್ತದೆ, ಇವತ್ತು ಇಡೀ ದಿನ ನಾನು ಆಡಿದ್ದು 'ಸರ್ವರ್ ಇಲ್ರಿ, ನಾಳೆ ಬರ್ರಿ' ಅನ್ನುವ ಒಂದೇ ಮಾತು ಅಂತ. ಮದುವೆ ಕಾರ್ಡು ಹಾಕಿಸಲು ಈಗ ಯಾರೂ ಬರುವುದಿಲ್ಲ. ಎಲ್ಲಾ ಫೋನಿನಲ್ಲೇ ಮಾಡಿ ಫೋನಿನಲ್ಲೇ ಕಳಿಸುತ್ತಾರೆ. ವರನ ಹೆಸರಿಗಿಂತ ಹೂವಿನ ಚಿತ್ರ ದೊಡ್ಡದಿರುತ್ತದೆ. ನೀನಿದ್ದಿದ್ದರೆ ನೋಡಿ ನಗುತ್ತಿದ್ದೆ.

ಫೋನ್ ಮಾಡಬಹುದಿತ್ತಲ್ಲ, ಪತ್ರ ಯಾಕೆ ಅಂತ ಕೇಳಬೇಡ. ನಮ್ಮಿಬ್ಬರ ಫೋನು ನಿನಗೆ ಗೊತ್ತೇ ಇದೆ. ರಂಜಾನಿಗೆ ಒಂದು, ಬಕ್ರೀದಿಗೆ ಒಂದು. ಊಟ ಆಯ್ತಾ, ಆಯ್ತು, ಮಕ್ಕಳು ಚೆನ್ನಾಗಿದ್ದಾರಾ, ಇದ್ದಾರೆ, ಇಡಲಾ, ಇಡು. ಅಷ್ಟರಲ್ಲಿ ನಾನು ಹೇಳಬೇಕಾದದ್ದು ಹಿಡಿಸುವುದಿಲ್ಲ. ಒಂದು ಮಾತು ಹೇಳಬೇಕಿದೆ ನಿನಗೆ. ಹನ್ನೆರಡು ದಿನಕ್ಕೆ ಷಬೇಬರಾತ್, ಮಾಫಿ ಬೇಡುವ ರಾತ್ರಿ. ಅಷ್ಟರೊಳಗೆ ಹೇಳಬೇಕು. ಹೇಳಿದ ಮೇಲೆ ನೀನು ಊರಿಗೆ ಬರುತ್ತೀಯೋ, ಇಲ್ಲಾ ಇರುವ ಆ ಎರಡು ಫೋನನ್ನೂ ನಿಲ್ಲಿಸುತ್ತೀಯೋ, ಅದು ನಿನಗೆ ಬಿಟ್ಟದ್ದು. ಆ ಮಾತು ನಮ್ಮ ಹಳೇ ಕಂಪ್ಯೂಟರಿನದು. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳದೆ ಓದು.

ನಿನಗೆ ಮರೆತಿರಲಿಕ್ಕಿಲ್ಲ, ಅದನ್ನು ಹೊಸಪೇಟೆಯಿಂದ ತಂದ ದಿನ. ತೊಂಬತ್ತೊಂಬತ್ತನೇ ಇಸವಿ. ಅಬ್ಬಾ ತೀರಿಕೊಂಡು ವರ್ಷ ಆಗಿತ್ತು, ಅವರ ಹೊಲಿಗೆ ಮೆಷೀನು ರಿಪೇರಿ ಅಂಗಡಿ ಮುಚ್ಚಿಕೊಂಡೇ ಇತ್ತು. ನಾನು ಗಂಡನನ್ನು ಕಳೆದುಕೊಂಡು ಒಂದು ಟ್ರಂಕಿನ ಸಮೇತ ತವರಿಗೆ ಬಂದಿದ್ದೆ. ನೀನು ದಿನಾ ಬಸ್ಸಿನಲ್ಲಿ ಕೂಡ್ಲಿಗಿಗೆ ಹೋಗಿ ಕಂಪ್ಯೂಟರ್ ಕಲಿಯುತ್ತಿದ್ದೆ. ಯಾವುದೋ ಆಫೀಸಿನವರು ಮಾರುತ್ತಾರೆ ಅಂತ ನೀನೇ ಸುದ್ದಿ ತಂದೆ. ಬರುವಾಗ ಬಸ್ಸಿನಲ್ಲಿ ಡಬ್ಬ ನಿನ್ನ ತೊಡೆ ಮೇಲೆ, ಮಾನಿಟರ್ ಅಮ್ಮಿಯ ಕೌದಿಯಲ್ಲಿ ಸುತ್ತಿ ನನ್ನ ತೊಡೆ ಮೇಲೆ. ಕಂಡಕ್ಟರ್ ಕೌದಿ ನೋಡಿ 'ಕೂಸಿಗೆ ಎಷ್ಟ್ ವರ್ಷ ಆತ್ರಿ?' ಅಂತ ಕೇಳಿದ. ನೀನು ನಗು ತಡೆದುಕೊಂಡು 'ಎರಡು' ಅಂದೆ. ಹಗರಿಬೊಮ್ಮನಹಳ್ಳಿ ದಾಟುವಷ್ಟರಲ್ಲಿ ನನ್ನ ಕಾಲು ಮರಗಟ್ಟಿ ಹೋಗಿತ್ತು, ಆದರೆ ಇಳಿಸಲು ಮನಸ್ಸು ಬರಲಿಲ್ಲ. ಆವತ್ತಿನಷ್ಟು ಖುಷಿಯಾಗಿ ನಾನು ಯಾವ ಬಸ್ಸಿನಲ್ಲೂ ಕೂತಿಲ್ಲ.

ಆ ಕಂಪ್ಯೂಟರ್ ನಮ್ಮನ್ನು ಐದು ವರ್ಷ ಸಾಕಿತು. ನೀನು ಡಿಸೈನು, ನಾನು ಕನ್ನಡ ಟೈಪಿಂಗು. ಅಬ್ಬಾ ಪ್ರತಿ ಗುರುವಾರ ಸಂಜೆ ಅಂಗಡಿಗೆ ಲೋಬಾನದ ಹೊಗೆ ಹಾಕುತ್ತಿದ್ದರಲ್ಲ, ಆ ಪದ್ಧತಿ ನಾನು ಬಿಡಲಿಲ್ಲ. ಬಟ್ಟಲಿಗೆ ಕೆಂಡ ಹಾಕಿ, ಮೇಲೆ ಲೋಬಾನದ ಪುಡಿ ಉದುರಿಸಿ, ಮೊದಲು ಹೊಸ್ತಿಲಿಗೆ, ಆಮೇಲೆ ಗಲ್ಲಾಪೆಟ್ಟಿಗೆಗೆ, ಕೊನೆಗೆ ಕಂಪ್ಯೂಟರಿಗೆ. ಅನ್ನ ಕೊಡುವುದು ಅದೇ ಅಂತ ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಿದ್ದೆ. ಇವತ್ತೂ ಗುರುವಾರ. ಸಂಜೆ ಅಸರ್ ನಮಾಜಿನ ಹೊತ್ತಿಗೆ ಕೆಂಡ ಮಾಡಬೇಕು, ಅಷ್ಟರಲ್ಲಿ ಈ ಪತ್ರ ಮುಗಿದರೆ ಸಾಕು.

ಎರಡು ಸಾವಿರದ ನಾಲ್ಕರಲ್ಲಿ ಆದದ್ದನ್ನು ಬರೆಯಲೇಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಅರ್ಥ ಇರುವುದಿಲ್ಲ. ಮದುವೆ ಸೀಸನ್ನು. ಕಂಪ್ಯೂಟರ್ ನಿಧಾನ ಆಗಿದೆ, ರ್ಯಾಮ್ ಸಾಲುವುದಿಲ್ಲ ಅಂತ ನೀನು ಹುಬ್ಬಳ್ಳಿಗೆ ಹೋಗಿ ಅರವತ್ತನಾಲ್ಕು ಎಂಬಿಯ ರ್ಯಾಮ್ ತಂದೆ. ಇದ್ದ ಮೂವತ್ತೆರಡರ ಪಕ್ಕದಲ್ಲಿ ಅದನ್ನು ಕೂರಿಸಿದೆ. ಹದಿನೈದು ದಿನ ಓಡಿದ್ದೇ ಓಡಿದ್ದು. ಹದಿನಾರನೇ ದಿನ ಸ್ವಿಚ್ ಹಾಕಿದರೆ ಪರದೆ ಕಪ್ಪು, ಒಳಗಿಂದ ಬರೀ ಬೀಪ್, ಬೀಪ್, ಬೀಪ್. ನೀನು ಹೊಸದು ತೆಗೆದು ಹಳೆಯದನ್ನು ಹಾಕಿ ನೋಡಿದೆ, ಅದೇ ಬೀಪ್. ಮಾಗಳದ ಎರ್ರೆಪ್ಪ ಮಗಳ ಮದುವೆಯ ನಾನೂರು ಕಾರ್ಡು ಒಯ್ಯಲು ಬಂದು ಮೆಟ್ಟಿಲ ಮೇಲೆ ಕೂತಿದ್ದ. ಅವನ ಕಾರ್ಡಿನ ಮ್ಯಾಟರೆಲ್ಲಾ ಅದರೊಳಗೇ ಇತ್ತು. ಮಧ್ಯಾಹ್ನ ಹೋಗಿ ಸಂಜೆ ಆಯಿತು. ಅವನು ಎದ್ದು ಹೊಸಪೇಟೆಗೇ ಹೋಗುತ್ತೇನೆ ಅಂದಾಗ ನನಗೆ ತಲೆ ಕೆಟ್ಟುಹೋಯಿತು.

ನಾನು ಏನಂದೆ ಅಂತ ನಿನಗೆ ನೆನಪಿಸಬೇಕಾಗಿಲ್ಲ. 'ಇದನ್ನ ತಂದು ಹಾಕಿದ್ದಕ್ಕ ಬೋರ್ಡ್ ಸುಟ್ಟೈತಿ. ನೀ ಕೈ ಹಾಕಿದ್ದೆಲ್ಲಾ ಹಾಳಾಗತೈತಿ. ಇನ್ನ ಮ್ಯಾಲ ಈ ಅಂಗಡ್ಯಾಗ ನಿನ್ನ ಕೈ ಕಾಣಬಾರದು.' ನೀನು ಹೇಳಿದ್ದು ಇಷ್ಟೇ: 'ಆಪಾ, ರ್ಯಾಮ್ ಸರಿ ಐತಿ. ಬ್ಯಾರೆ ಏನೋ ಆಗೈತಿ.' ಆಮೇಲೆ ಸ್ಕ್ರೂಡ್ರೈವರನ್ನು ಡ್ರಾದಲ್ಲಿಟ್ಟು, ಕೈ ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡು ಹೋದವನು ಗೋವಾ ಸೇರಿದೆ. ಇಪ್ಪತ್ತೊಂದು ವರ್ಷದಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಯಾವುದು ಗೊತ್ತಾ? ನಾವು ಮನೆಯಲ್ಲಿ ಜಗಳ ಆಡುವುದು ನಮ್ಮ ಉರ್ದುವಿನಲ್ಲಿ. ಆ ದಿನ ನಾನು ಬಯ್ದದ್ದು ಕನ್ನಡದಲ್ಲಿ. ಎರ್ರೆಪ್ಪನಿಗೆ ತಿಳಿಯಲಿ, ತಪ್ಪು ನನ್ನದಲ್ಲ ಅಂತ ಅವನಿಗೆ ಗೊತ್ತಾಗಲಿ ಅಂತಲೇ ಕನ್ನಡದಲ್ಲಿ ಬಯ್ದೆ. ಮನೆಮಾತಿನಲ್ಲಿ ಬಯ್ದಿದ್ದರೆ ನೀನು ರಾತ್ರಿ ಊಟಕ್ಕೆ ಬರುತ್ತಿದ್ದೆಯೇನೋ.

ಇರಲಿ. ಈಗ ಈಚಿನ ಸುದ್ದಿಗೆ ಬರುತ್ತೇನೆ. ಎರಡು ತಿಂಗಳ ಹಿಂದೆ ಹಗರಿಬೊಮ್ಮನಹಳ್ಳಿಯ ಗುಜರಿ ಸಂಜೀವ ಟೆಂಪೋ ತಗೊಂಡು ಬಂದಿದ್ದ. ಹಾಳಾದ ಟಿವಿ, ಪ್ರಿಂಟರು, ಕಂಪ್ಯೂಟರ್ ಎಲ್ಲಾ ಕೊಳ್ಳುತ್ತಾನೆ. ಮೂವತ್ತೈದು ವರ್ಷದವನಿರಬೇಕು, ಮಾತು ಕಡಿಮೆ, ಕೆಲಸ ಗೊತ್ತು. ಅಟ್ಟದ ಮೇಲೆ ಬೆಡ್‌ಶೀಟ್ ಹೊದ್ದು ಕೂತಿದ್ದ ನಮ್ಮ ಕಂಪ್ಯೂಟರನ್ನು ಕೊಟ್ಟುಬಿಡೋಣ ಅಂತ ನಾನೇ ಇಳಿಸಿದೆ. ಬೆಡ್‌ಶೀಟ್ ತೆಗೆದೆ. ಡಬ್ಬದ ಮೇಲೆ ನೀನು ಅಂಟಿಸಿದ್ದ ಸ್ಟಿಕ್ಕರ್ ಇತ್ತು, ನಿನ್ನ ಅಕ್ಷರದಲ್ಲಿ 'ಅಬ್ಬಾ ಡಿಸೈನ್ಸ್' ಅಂತ. ಸಂಜೀವ ತೂಕಕ್ಕೆ ಎತ್ತಿಕೊಂಡ. ಟೆಂಪೋ ಹತ್ತಿರ ಹೋದವನನ್ನು ಕೂಗಿ ವಾಪಸು ಕರೆದೆ. 'ಯಾಕ್ರಿ ಆಪಾ?' ಅಂದ. 'ಕೊಡೂದಿಲ್ಲ, ರಿಪೇರಿ ಮಾಡಸ್ತೀನಿ' ಅಂದೆ. ಅವನು ನನ್ನ ಮುಖ ನೋಡಿ, ಡಬ್ಬ ನೋಡಿ, ಟೀ ಕುಡಿಯುತ್ತೇನೆ ಅಂತ ಕೂತ.

ಇಪ್ಪತ್ತೊಂದು ವರ್ಷದ ಮೇಲೆ ಮೊದಲ ಸಲ ಅವತ್ತು ಡಬ್ಬ ಬಿಚ್ಚಿದೆವು. ನಾಲ್ಕು ಸ್ಕ್ರೂಗಳಲ್ಲಿ ಮೂರು ಒಂದೇ ಥರ, ಒಂದು ಮಾತ್ರ ಹಿತ್ತಾಳೆ ಬಣ್ಣದ್ದು. 'ಇದನ್ನ ಯಾರೋ ಬಿಚ್ಯಾರ' ಅಂದ ಸಂಜೀವ. ನನ್ನ ತಮ್ಮ ಹಾಕಿರಬೇಕು ಅಂದೆ. ಒಳಗೆ ಫ್ಯಾನಿನ ರೆಕ್ಕೆಗೆ, ರ್ಯಾಮ್ ಕೂರುವ ಸಂದಿಗೆ, ಕಂದು ಬಣ್ಣದ ಜಿಗುಟು ಮೆತ್ತಿಕೊಂಡಿತ್ತು. ಸಂಜೀವ ಬೆರಳಿಂದ ತೆಗೆದು ಮೂಸಿದ. 'ಆಪಾ, ದರ್ಗಾದಾಗಿನ ವಾಸನಿ ಬರ್ತೈತಲ್ರಿ ಇದು' ಅಂದ. ಬರೀ ಧೂಳು, ಒರೆಸು ಅಂದೆ. ಅವನು ಬೆರಳು ಒರೆಸಿಕೊಂಡು ಬ್ರಷ್ ತೆಗೆದ.

ಆವತ್ತಿನಿಂದ ನನಗೆ ಒಂದು ಕೆಲಸ ಸಿಕ್ಕಿತು. ಯಾವ ಭಾಗ ಉಳಿಸಬೇಕು, ಯಾವುದನ್ನು ಬದಲಿಸಬೇಕು ಅನ್ನುವುದೇ ಕೆಲಸ. ಸಂಜೀವ ವಾರಕ್ಕೊಮ್ಮೆ ಗೋಣಿಚೀಲದಲ್ಲಿ ಹಳೇ ಸಾಮಾನು ತಂದು ನೆಲದ ಮೇಲೆ ಸುರಿಯುತ್ತಾನೆ. ನಾನು ಮುಂದೆ ಕೂತು ಕಾಳು ಆರಿಸಿದಂತೆ ಆರಿಸುತ್ತೇನೆ. ಮೊದಲು ಪವರ್ ಸಪ್ಲೈ. ನಮ್ಮದರ ಒಳಗಿನ ಕೆಪಾಸಿಟರುಗಳು ಉಬ್ಬಿ ಒಡೆದಿದ್ದವು. ಮೂರು ತಂದಿದ್ದ. ಒಂದರ ಮೇಲೆ ಐನೂರು ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು, ಕೈಯಲ್ಲಿ ಹಿಡಿದರೆ ಮಂಡಕ್ಕಿ ಪೊಟ್ಟಣದಷ್ಟು ಹಗುರ. ನೀನು ಹೇಳುತ್ತಿದ್ದೆಯಲ್ಲ, ಬರೆದದ್ದು ನೋಡಬೇಡ, ತೂಕ ನೋಡು, ಒಳಗೆ ತಾಮ್ರ ಇದ್ದರೆ ಭಾರ ಇರುತ್ತದೆ ಅಂತ. ಇನ್ನೂರೈವತ್ತು ಅಂತ ಬರೆದಿದ್ದ ಭಾರದ್ದನ್ನು ಆರಿಸಿದೆ. 'ಯಾರು ಕಲಿಸಿದ್ರಿ ಆಪಾ ಇದನ್ನ?' ಅಂತ ಸಂಜೀವ ಕೇಳಿದ. ನನ್ನ ತಮ್ಮ ಅಂದೆ. ಬಹಳ ದಿನದ ಮೇಲೆ ಆ ಶಬ್ದ ಬಾಯಿಂದ ಜೋರಾಗಿ ಬಂತು.

ಆಮೇಲೆ ಬೋರ್ಡಿನ ಮೇಲಿನ ಗುಂಡಿಯಂಥ ಸೆಲ್ಲು. ಅದು ಸತ್ತು ಎಷ್ಟೋ ವರ್ಷ ಆಗಿತ್ತು. ವಾಚಿನ ಅಂಗಡಿಯಲ್ಲೇ ಸಿಕ್ಕಿತು. ಸೆಲ್ಲು ಸತ್ತರೆ ಕಂಪ್ಯೂಟರ್ ತಾರೀಖು ಮರೆಯುತ್ತದೆ ಅಂತ ನೀನು ಹೇಳಿದ್ದು ನೆನಪಿತ್ತು, ಆದರೂ ಪರದೆಯಲ್ಲಿ ಒಂದನೇ ಜನವರಿ ತೊಂಬತ್ತೆಂಟು ಅಂತ ಕಂಡಾಗ ಕೀಬೋರ್ಡಿನಿಂದ ಕೈ ತೆಗೆದೆ. ಅಬ್ಬಾ ಇನ್ನೂ ಇದ್ದ ದಿನ ಅದು. ನಾನು ಸರಿಯಾದ ತಾರೀಖು ಹಾಕುವ ಮೊದಲು ಒಂದು ಟೀ ಕುಡಿದೆ.

ಹಾರ್ಡ್ ಡಿಸ್ಕಿನದು ದೊಡ್ಡ ಪೇಚು. ಹಳೆಯದು ತಿರುಗುತ್ತಿತ್ತು, ಆದರೆ ನಡುನಡುವೆ ಟಕ್ ಟಕ್ ಅಂತ ಬಾಗಿಲು ಬಡಿದ ಹಾಗೆ ಸದ್ದು. ಜಾಸ್ತಿ ದಿನ ಬಾಳುವುದಿಲ್ಲ ಅಂದ ಸಂಜೀವ. ಅದರ ಬದಲು ಅವನ ಗೋಣಿಯಲ್ಲಿದ್ದ ನಲವತ್ತು ಜಿಬಿಯ ಹಳೇ ಡಿಸ್ಕು ಹಾಕುವುದೋ, ಇಲ್ಲಾ ಕ್ಯಾಮೆರಾದಲ್ಲಿ ಹಾಕುವಂಥ ಮೆಮೊರಿ ಕಾರ್ಡನ್ನು ಒಂದು ಚಿಕ್ಕ ಅಡಾಪ್ಟರಿಗೆ ಸಿಕ್ಕಿಸಿ ಡಿಸ್ಕಿನ ಜಾಗದಲ್ಲಿ ಕೂರಿಸುವುದೋ? ನಮ್ಮ ಬೋರ್ಡು ಹಳೇ ಕಾಲದ್ದು, ದೊಡ್ಡ ಡಿಸ್ಕನ್ನು ಗುರುತೇ ಹಿಡಿಯುವುದಿಲ್ಲ. ಮೂರು ದಿನ ಯೋಚನೆ ಮಾಡಿದೆ. ಇಂಥ ವಿಷಯಕ್ಕೆ ಮೂರು ದಿನ ಯೋಚನೆ ಮಾಡುವಷ್ಟು ಪುರುಸೊತ್ತು ನನ್ನಲ್ಲಿದೆ ನೋಡು. ಕೊನೆಗೆ ನಾಲ್ಕು ಜಿಬಿಯ ಕಾರ್ಡೇ ಸಾಕು ಅಂದೆ. ಹಳೇ ಡಿಸ್ಕು ಸಾಯುವ ಮೊದಲು ಅದರಲ್ಲಿದ್ದದ್ದೆಲ್ಲಾ ಕಾರ್ಡಿಗೆ ಇಳಿಸಿಕೊಂಡೆವು. ನಮ್ಮ ಕನ್ನಡ ಟೈಪಿಂಗು, ಐದು ವರ್ಷದ ಮದುವೆಗಳು, ಗೃಹಪ್ರವೇಶಗಳು, ಖತ್ನಾ ಕಾರ್ಡುಗಳು, ಎಲ್ಲಾ ಬಂದವು. ಎರ್ರೆಪ್ಪನ ಮಗಳ ಕಾರ್ಡೂ ಇತ್ತು. ಮೆಮೊರಿ ಕಾರ್ಡಿನ ಒಂದೇ ಕೊರತೆ, ಅದು ಸದ್ದು ಮಾಡುವುದಿಲ್ಲ. ಮುಂಚೆ ಕಂಪ್ಯೂಟರ್ ಗರಗರ ಅಂತಿದ್ದರೆ ಅಂಗಡಿಯಲ್ಲಿ ಇನ್ನೊಬ್ಬರು ಇದ್ದಂತಿರುತ್ತಿತ್ತು.

ಫ್ಯಾನು ಹೊಸದು ಹಾಕಿದೆ. ಹಳೇ ಮಾನಿಟರ್ ಎದ್ದೇಳಲಿಲ್ಲ, ಅಂಗಡಿಯ ಚಪ್ಪಟೆ ಮಾನಿಟರನ್ನೇ ಜೋಡಿಸಿದೆ. ಪ್ರಿಂಟರ್ ನಮ್ಮದೇ ಹಳೆಯದು, ಬಡಿದು ಬಡಿದು ಚುಕ್ಕಿ ಹಾಕುವುದು. ರಿಬ್ಬನ್ನಿಗೆ ಶಾಯಿ ತೀಡಿದೆ. ಈ ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರಬೇಕಲ್ಲ? ಹೌದು, ಈ ಪತ್ರ ಅದರಲ್ಲೇ ಟೈಪ್ ಮಾಡುತ್ತಿದ್ದೇನೆ. 'ಳ' ದ ಬಾಲ ಇನ್ನೂ ಅರ್ಧವೇ ಬರುತ್ತದೆ.

ರ್ಯಾಮಿನ ಮಾತು ಉಳಿಯಿತು. ಎಲ್ಲಾ ಬಿಟ್ಟು ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಸಂಜೀವ ನೂರ ಇಪ್ಪತ್ತೆಂಟರದ್ದು ಒಂದು ತಂದಿದ್ದ. ಪವರ್ ಸಪ್ಲೈ ಕೂರಿಸಿದ ದಿನವೇ ಹಾಕಿ ನೋಡಿದ್ದ, ಒಂದೇ ಏಟಿಗೆ ಹಿಡಿದಿತ್ತು, ಇಲ್ಲಿತನಕ ಎಲ್ಲಾ ಓಡಿಸಿದ್ದು ಅದರಲ್ಲೇ. 'ಇದ ಇರಲಿ ಬಿಡ್ರಿ ಆಪಾ, ಕುದುರಿ ಓಡಿದಂಗ ಓಡತೈತಿ. ಆ ಹಳೇವು ಎರಡೂ ನನ್ನ ಚೀಲಕ್ಕ ಹಾಕ್ರಿ' ಅಂದ. ನಾನು ಅದನ್ನು ತೆಗೆಸಿದೆ. ನೀನು ಹುಬ್ಬಳ್ಳಿಯಿಂದ ತಂದದ್ದನ್ನು ತೆಗೆದುಕೊಂಡು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿ, ಸಂದಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಕೂರಿಸಿದೆ. ಅದರ ಪಕ್ಕ ಮೂವತ್ತೆರಡರದ್ದು. ಸ್ವಿಚ್ ಹಾಕಿದೆ. ಒಂದೇ ಒಂದು ಚಿಕ್ಕ ಬೀಪ್. ಪರದೆಯ ಮೂಲೆಯಲ್ಲಿ ಸಂಖ್ಯೆ ಏರತೊಡಗಿತು. ಮೂವತ್ತೆರಡು ಸಾವಿರದ ಚಿಲ್ಲರೆಗೆ ನಿಲ್ಲಲಿಲ್ಲ. ಏರುತ್ತಾ ಏರುತ್ತಾ 98304ಕ್ಕೆ ಬಂದು ನಿಂತಿತು. ಎಂಬಿ ಲೆಕ್ಕದಲ್ಲಿ ಎರಡೂ ಕೂಡಿ ತೊಂಬತ್ತಾರು. ನಿನ್ನದು ಸರಿ ಇದೆ ಅಂತ ಅದೇ ಎಣಿಸಿ ಹೇಳಿತು. ಸಂಜೀವನಿಗೆ ಏನೂ ಅರ್ಥವಾಗಲಿಲ್ಲ. ಕಣ್ಣಿಗೆ ಸ್ಪಿರಿಟ್ಟಿನ ಘಾಟು ಬಡಿಯಿತು ಅಂತ ಹೇಳಿದೆ. ಪಾಪ, ಅವನು ಹೋಗಿ ನೀರು ತಂದುಕೊಟ್ಟ.

ಆವತ್ತು ಅವನಿಗೆ ಎರಡು ಸಲ ಟೀ ಕುಡಿಸಿ, ಮಿರ್ಚಿ ತರಿಸಿ, ಮಾತಾಡಿದ್ದೇ ಮಾತಾಡಿದ್ದು. ಕೊನೆಗೆ ಅವನು 'ಆಪಾ, ಹರಪನಹಳ್ಳಿಗೆ ಹೋಗಬೇಕ್ರಿ, ಹೊತ್ತಾತು' ಅಂತ ಮೂರನೇ ಸಲ ಹೇಳಿದಾಗ ನನಗೆ ನಾಚಿಕೆ ಆಯಿತು. ಅವನು ಟೆಂಪೋ ಹತ್ತುವಾಗ ಇನ್ನೇನಾದರೂ ಬದಲಿಸುವ ಭಾಗ ಉಳಿದಿದೆಯಾ ಅಂತ ಕೇಳಿದೆ. ಇಲ್ರಿ, ಎಲ್ಲಾ ಮುಗೀತು ಅಂದ. ಅಂಗಡಿಗೆ ಬಂದು ಆ ಕಂಪ್ಯೂಟರ್ ಮುಂದೆ ಕೂತೆ. ಇಸ್ರಾರ, ನನಗೆ ಒಬ್ಬಳೇ ಇರುವುದು ಸಾಕಾಗಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಸಲ್ಮಾಗೂ ಇಲ್ಲ.

ಹೋದ ಶನಿವಾರ ಮಾಗಳಕ್ಕೆ ಹೋಗಿ ಬಂದೆ. ಏನು ಕೆಲಸ ಅಂತ ಕೆಳಗೆ ಬರೆಯುತ್ತೇನೆ. ಹೊಳೆಯಲ್ಲಿ ನೀರು ಚೆನ್ನಾಗಿತ್ತು. ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು, ತಂದಿದ್ದ ಬುತ್ತಿ ಬಿಚ್ಚಿ ತಿಂದೆ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳು 'ಒಬ್ಬಾಕೆ ಬಂದೀರೇನ್ರಿ?' ಅಂತ ಕೇಳಿದಳು. ಹೌದು ಅಂದೆ. ಅಷ್ಟು ಕೇಳಿದ್ದಕ್ಕೇ ಅವಳಿಗೆ ಅರ್ಧ ರೊಟ್ಟಿ ಕೊಟ್ಟೆ.

ಅಮ್ಮಿ ಹೋಗಿ ಎಂಟು ವರ್ಷ ದಾಟಿತು. ನೀನು ಮಣ್ಣಿಗೆ ಬಂದು, ಆವತ್ತೇ ಸಂಜೆ ಹೊರಟು ನಿಂತಾಗ, ಬಾಗಿಲಲ್ಲಿ ಬಗ್ಗಿ ಹೇಳಿದ್ದೆ: 'ಆಪಾ, ನನ್ನ ಕಡಿಂದ ತಪ್ಪಾಗಿದ್ರ ಮಾಫ್ ಮಾಡು.' ನಾನು ತಲೆ ಎತ್ತದೆ 'ಆತು ಬಿಡು' ಅಂದೆ. ಊಟ ಮಾಡಿ ಹೋಗು ಅಂತ ಕೂಡ ಅನ್ನಲಿಲ್ಲ. ಅಮ್ಮಿ ಇರುವತನಕ ಫೋನಿನಲ್ಲಿ ನಿನಗೆ ಅದೇ ಹೇಳುತ್ತಿದ್ದಳು, ನೀನೇ ಚಿಕ್ಕವನು, ಆಪಾ ಹತ್ತಿರ ಮಾಫಿ ಕೇಳು ಅಂತ. ಅಮ್ಮಿಯ ಮಾತು ನೀನು ನಡೆಸಿದೆ. ಷಬೇಬರಾತಿನ ದಿನ ಎಲ್ಲರೂ ತಮ್ಮವರ ಗೋರಿಗೆ ಫಾತಿಹಾ ಓದಲು ಹೋಗುತ್ತಾರೆ. ಅಮ್ಮಿಯ ಗೋರಿಗೆ ಹೂವು ನಾನು ಕಳಿಸುತ್ತೇನೆ, ಸಲ್ಮಾಳ ಗಂಡ ಓದಿ ಬರುತ್ತಾನೆ. ಮಗ ಓದಿದಂತೆ ಆಗುತ್ತದೆಯೇ?

ಕೆಂಡದ ಹೊತ್ತಾಯಿತು. ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ಮರೆಯಬೇಡ. ನಿನ್ನ ಮನೆಯವಳಿಗೆ ನನ್ನ ಸಲಾಂ. ಮಕ್ಕಳಿಗೆ, ಕೊಟ್ಟೂರಿನಲ್ಲಿ ನಿಮಗೊಬ್ಬ ದೊಡ್ಡ ಫುಫ್ಫಿ, ಅಪ್ಪನ ಅಕ್ಕ, ಇದ್ದಾಳೆ, ಬಯ್ಯುತ್ತಾಳೆ ಆದರೆ ಹೊಡೆಯುವುದಿಲ್ಲ ಅಂತ ಹೇಳು. ಅಲ್ಲಾಹು ನಿನ್ನ ಕೈಗೆ ಬರಕತ್ ಕೊಡಲಿ, ನಿನ್ನ ಮಕ್ಕಳು ಎಂದೂ ಒಬ್ಬರನ್ನೊಬ್ಬರು ಬಿಟ್ಟು ಉಣ್ಣದಿರಲಿ.

ನಿನ್ನ ಆಪಾ,
ಮುಬೀನಾ

ತಾ.ಕ.: ಇದನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ನಾಲ್ಕು ಸಲ ಟೈಪ್ ಮಾಡಿ ನಾಲ್ಕು ಸಲ ಅಳಿಸಿದೆ. ಪೆನ್ನಿಂದ ಬರೆದದ್ದು ಹೊಡೆದು ಹಾಕಿದರೂ ಕಾಣುತ್ತದೆ.

ಡಬ್ಬ ಮೊದಲ ಸಲ ಬಿಚ್ಚಿದೆವು ಅಂತ ಮೇಲೆ ಬರೆದದ್ದು ಸುಳ್ಳು. ನೀನು ಹೋದ ಆರು ತಿಂಗಳಿಗೆ ಹರಪನಹಳ್ಳಿಯ ಹುಲುಗಣ್ಣ ಅಂತ ಮೆಕ್ಯಾನಿಕ್ ಬಂದಿದ್ದ. ಬಿಚ್ಚಿ, ಮೂಸಿ, ರಬ್ಬರಿನಿಂದ ತಿಕ್ಕಿದ. 'ರ್ಯಾಮಿಗೆ ಏನೂ ಆಗಿಲ್ಲಮ್ಮಾ, ಲೋಬಾನದ ಹೊಗೆ ಕುಂತೈತಿ. ಫ್ಯಾನು ಒಳಗ ಎಳಕಂಡೈತಿ' ಅಂದ. ಸ್ವಿಚ್ ಹಾಕಿದ. ಆವತ್ತೇ ಓಡಿತ್ತು, ಇಸ್ರಾರ. ಆವತ್ತೂ 98304 ಅಂತ ತೋರಿಸಿತ್ತು. ಫ್ಯಾನಿನ ಹತ್ತಿರ ಹೊಗೆ ಬೇಡ ಆಪಾ ಅಂತ ನೀನು ಒಮ್ಮೆ ಹೇಳಿದ್ದೆ. ಬರಕತ್ ಒಳಗೆ ಹೋಗಲಿ ಬಿಡು ಅಂತ ನಾನೇ ಬಟ್ಟಲು ಇನ್ನೂ ಹತ್ತಿರ ಹಿಡಿದಿದ್ದೆ. ಹುಲುಗಣ್ಣ ಹೇಳಿದ್ದನ್ನು ಕೇಳಿ ನಾನು ಸ್ವಿಚ್ ಆರಿಸಿದೆ. ಮುಚ್ಚಳ ಹಾಕಿಸಿದೆ. ಒಂದು ಸ್ಕ್ರೂ ಕಳೆದಿತ್ತು, ಅವನೇ ತನ್ನ ಹತ್ತಿರದ್ದು ಹಾಕಿದ. ಬೆಡ್‌ಶೀಟ್ ಹೊದಿಸಿ ಅಟ್ಟಕ್ಕೆ ಏರಿಸಿ, ಕಂಪ್ಯೂಟರ್ ಸತ್ತಿದೆ ಅಂತ ಅಮ್ಮಿಗೂ ಸಲ್ಮಾಗೂ ಹೇಳಿದೆ. ಅದು ಓಡಿದರೆ ತಪ್ಪು ಒಪ್ಪಿಕೊಂಡು ನಿನ್ನನ್ನು ಕರೆಯಬೇಕಾಗುತ್ತಿತ್ತು. ನಾಳೆ ಹೇಳೋಣ ಅಂದುಕೊಂಡೆ. ಆಮೇಲೆ ವರ್ಷ ಆಯಿತು, ಆಮೇಲೆ ಹೇಳುವ ಮುಖ ಉಳಿಯಲಿಲ್ಲ. ನಿನ್ನ ಕೈ ತಪ್ಪು ಅಂತಲೇ ತಿಳಿದು ಅಮ್ಮಿ ಮಣ್ಣಿಗೆ ಹೋದಳು. ಬಾಗಿಲಲ್ಲಿ ನೀನು ಬಗ್ಗಿ ಮಾಫಿ ಕೇಳಿದಾಗ ಎಲ್ಲಾ ಗೊತ್ತಿದ್ದೇ 'ಆತು ಬಿಡು' ಅಂದೆ. ಕೇಳಬೇಕಾದವಳು ನಾನು.

ಮಾಗಳಕ್ಕೆ ಹೋದದ್ದು ಎರ್ರೆಪ್ಪನನ್ನು ನೋಡಲು. ಅವನ ಮುಂದೆಯೇ ಬಯ್ದಿದ್ದೆನಲ್ಲ, ಅವನ ಮುಂದೆಯೇ ಹೇಳಿ ಬಂದೆ, ತಪ್ಪು ನನ್ನದು, ನನ್ನ ತಮ್ಮನದಲ್ಲ ಅಂತ. ಕನ್ನಡದಲ್ಲೇ ಹೇಳಿದೆ. ಈಗ ಮುದುಕ ಆಗಿದ್ದಾನೆ. 'ಆ ಹುಡುಗ ಈಗ ಎಲ್ಲಿ ಅದಾನ್ರಿ?' ಅಂತ ಕೇಳಿದ. ವಾಸ್ಕೋದಲ್ಲಿ ಅಂತ ಹೇಳಿ ಎದ್ದು ಬಂದೆ. ಸಲ್ಮಾಗೂ ನಿನ್ನೆ ಹೇಳಿದೆ. ಅತ್ತು ಫೋನ್ ಇಟ್ಟಿದ್ದಾಳೆ, ಇನ್ನೂ ಮಾಡಿಲ್ಲ.

ನನ್ನನ್ನು ಮಾಫ್ ಮಾಡು, ಇಸ್ರಾರ. ಮಾಡದಿದ್ದರೂ ಅಮ್ಮಿಯ ಗೋರಿಗೆ ಬಾ, ಅಂಗಡಿಗೆ ಬರುವುದು ಬಿಡುವುದು ಆಮೇಲೆ. ಇವತ್ತಿನಿಂದ ಲೋಬಾನ ಹೊಸ್ತಿಲಿಗೆ ಮಾತ್ರ. ಕಂಪ್ಯೂಟರಿನ ಮುಚ್ಚಳ ಹಾಕಿಲ್ಲ, ನಾಲ್ಕೂ ಸ್ಕ್ರೂ ಡ್ರಾದಲ್ಲಿ ನಿನ್ನ ಸ್ಕ್ರೂಡ್ರೈವರ್ ಪಕ್ಕ ಇಟ್ಟಿದ್ದೇನೆ. ಅದಕ್ಕೆ ನಿನ್ನ ಕೈ ಬೇಕು.